ಎಂಬತ್ತಾರನೇ ಮಹಡಿಯಿಂದ ವಸಂತಪುರದ ವಾಲ್ವ್

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗನ ಮನೆಯ ಹಿಂದೆ ಒಂದು ಪಾರ್ಕಿದೆ. ಬೇಸಿಗೆ ಬಂತೆಂದರೆ ಅಲ್ಲಿನ ಬೆಂಚುಗಳೆಲ್ಲ ನಮ್ಮಂಥವರ ಪಾಲು. ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರು. ಜೂನ್ ತಿಂಗಳಲ್ಲೂ ಮಫ್ಲರ್ ಬಿಡದ ಗಂಡಸರು, ಸೀರೆಯ ಕೆಳಗೆ ಸೊಸೆಯ ಹಳೇ ಸ್ಪೋರ್ಟ್ಸ್ ಶೂ ಹಾಕಿಕೊಂಡ ಹೆಂಗಸರು. ಹೊಸಬರು ಬಂದು ಕೂತರೆ ಯಾವ ಊರು, ಎಷ್ಟು ಮಕ್ಕಳು ಎನ್ನುವುದಕ್ಕೂ ಮುಂಚೆ ಬರುವ ಪ್ರಶ್ನೆ ಒಂದೇ: "ಏನೇನು ನೋಡಿದ್ರಿ?"

ನಯಾಗರ, ವಾಷಿಂಗ್ಟನ್, ಲಿಬರ್ಟಿ, ಎಂಪೈರ್ ಸ್ಟೇಟ್. ಈ ನಾಲ್ಕು ಆಗದೆ ಊರಿಗೆ ಹೋದರೆ ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗದೆ ಬಂದಂತೆ. ನಾವು ಬಂದು ಮೂರು ವಾರವಾಗಿತ್ತು. ನೋಡಿದ್ದು ಕಾಸ್ಟ್‌ಕೋ ಒಂದೇ, ಅದನ್ನೂ ಎರಡು ಸಲ. ಹಾಗೆಂದು ಬಾಯಿಬಿಡಲು ನನಗೆ ಸಂಕೋಚ. ನಮ್ಮವರಿಗೆ ಅಂಥದ್ದೇನಿಲ್ಲ. ದಾವಣಗೆರೆ ಕಡೆಯ ಮೇಷ್ಟ್ರೊಬ್ಬರು "ಎಂಪೈರ್ ಸ್ಟೇಟ್ ಆಯ್ತಾ ಸಾರ್? 102 ಅಂತಸ್ತು!" ಎಂದು ಕೈ ಮೇಲೆತ್ತಿ ತೋರಿಸಿದರೆ ಇವರು ಕೇಳಿದ್ದು, "ಅಷ್ಟು ಮೇಲಕ್ಕೆ ನೀರು ಹೇಗೆ ಹತ್ತಿಸ್ತಾರೆ?"

ಮೇಷ್ಟ್ರು ತಮ್ಮ ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಮುಖ ನೋಡಿದರು. ನಾನು ಎದುರಿನ ಮರದಲ್ಲಿದ್ದ ಅಳಿಲನ್ನು ನೋಡುತ್ತ ಕೂತೆ.

ಈ ಪ್ರಶ್ನೆ ನನಗೆ ಹೊಸದಲ್ಲ. 1984ರಲ್ಲಿ ಮದುವೆಯಾದ ಹದಿನೈದು ದಿನಕ್ಕೆ ಇವರು ನನ್ನನ್ನು ಎಂ.ಜಿ. ರಸ್ತೆಗೆ ಕರೆದುಕೊಂಡು ಹೋಗಿದ್ದರು. ತುರುವೇಕೆರೆಯಿಂದ ಬಂದ ಹುಡುಗಿ ನಾನು. ಸಿನಿಮಾ, ಐಸ್‌ಕ್ರೀಮು ಎಂದು ಏನೇನೋ ಎಣಿಸಿಕೊಂಡು ಮೈಸೂರು ಸಿಲ್ಕ್ ಉಟ್ಟು ಹೊರಟಿದ್ದೆ. ಯುಟಿಲಿಟಿ ಬಿಲ್ಡಿಂಗಿನ ಎದುರು ಫುಟ್‌ಪಾತಿನಲ್ಲಿ ನಿಲ್ಲಿಸಿ, ತಲೆಯೆತ್ತಿ ನೋಡು ಎಂದರು. ಆಗ ಬೆಂಗಳೂರಿಗೆಲ್ಲ ಎತ್ತರದ ಕಟ್ಟಡ ಅದೇ, 25 ಅಂತಸ್ತು. ನೋಡಿದೆ. ಇನ್ನೇನು ಎರಡು ಒಳ್ಳೆಯ ಮಾತು ಬರುತ್ತದೆಂದು ಸೆರಗಿನ ತುದಿ ಸುತ್ತುತ್ತ ಕಾದೆ. "ಮೇಲಿನ ಟ್ಯಾಂಕು ಎಷ್ಟು ಲೀಟರಿಂದಿರಬಹುದು?" ಎಂದರು.

ನೀರಿನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು, ಕೊನೆಯ ಹನ್ನೊಂದು ವರ್ಷ ಕನಕಪುರ ರಸ್ತೆಯ ತಾತಗುಣಿ ಪಂಪ್‌ಹೌಸಿನಲ್ಲಿ. ಆ ಕಥೆ ಗೊತ್ತಿಲ್ಲದವರು ಕೇಳಿ. ಗೊತ್ತಿರುವವರೂ ಕೇಳಿ, ನಾನು ನಲವತ್ತು ವರ್ಷದಿಂದ ಕೇಳುತ್ತಿಲ್ಲವೇ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಬರುವುದೆಂದರೆ ಹರಿದು ಬರುವುದಲ್ಲ, ಹತ್ತಿ ಬರುವುದು. ತೊರೆಕಾಡನಹಳ್ಳಿಯಲ್ಲಿ ಒಂದು ಸಲ, ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಒಂದು ಸಲ ಎಂದು ಪಂಪ್ ಹಾಕಿ ಒಟ್ಟು ಸುಮಾರು 500 ಮೀಟರ್ ಮೇಲೆತ್ತಬೇಕು. 1974ರಲ್ಲಿ ಮೊದಲ ಹಂತದ ನೀರು ಬಂದಾಗಿನಿಂದ 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತದವರೆಗೂ ದಾರಿ ಇದೇ. "ವಾಮನ ಮೂರು ಹೆಜ್ಜೆಗೆ ಮೂರು ಲೋಕ ಅಳೆದ. ನಮ್ಮಮ್ಮ ಮೂರು ಹೆಜ್ಜೆಗೆ ಬೆಂಗಳೂರು ಹತ್ತಿದಳು" ಎನ್ನುತ್ತಾರೆ ಇವರು. ಮೂರನೆಯ ಹೆಜ್ಜೆ ಇಡುವಾಗ ಡ್ಯೂಟಿ ಇವರದು. ಬಲಿಯ ತಲೆಯ ಮೇಲೆ ಕಾಲಿಟ್ಟದ್ದು ತಾವೇ ಎಂಬ ಗತ್ತು.

ಆ ಕನಕಪುರ ರಸ್ತೆಗೂ ವಸಂತಪುರದ ನಮ್ಮ ಮನೆಗೂ ಹೆಚ್ಚೆಂದರೆ ಎರಡು ಕಿಲೋಮೀಟರು. ಆದರೂ ನಮ್ಮ ಸಂಪಿಗೆ ಕಾವೇರಿ ಬರುವುದು ವಾರಕ್ಕೆರಡು ದಿನ, ಅದೂ ಅವಳಿಗೆ ಮನಸ್ಸಾದ ಹೊತ್ತಿಗೆ. ಐನೂರು ಮೀಟರ್ ಹತ್ತಿದವಳಿಗೆ ಕೊನೆಯ ಎರಡು ಕಿಲೋಮೀಟರಿಗೆ ಸುಸ್ತು. ಸೈಟ್ ಕೊಂಡಾಗ ನಮ್ಮದು ಹಳ್ಳಿ. ಗುಡ್ಡದ ಮೇಲೆ ವಸಂತವಲ್ಲಭರಾಯನ ಗುಡಿ, ಮಾಂಡವ್ಯ ಋಷಿ ತಪಸ್ಸು ಮಾಡಿದ ಜಾಗವೆಂಬ ಸ್ಥಳಪುರಾಣ, ಊರ ಹೆಸರೇ ತೀರ್ಥದ ನಂಟಿನದು. ತೀರ್ಥವಿರುವ ಊರಲ್ಲಿ ನೀರಿಗೇನು ಬರ ಎಂದು ಕೊಂಡೆವು. ಈಗ ಗುಡಿಯ ಮೆಟ್ಟಿಲ ಮೇಲೆ ನಿಂತರೆ ಕಾಣುವುದು ಟೆರೇಸು, ಟೆರೇಸಿನ ಮೇಲೆ ಕರೀ ಸಿಂಟೆಕ್ಸು, ಅದರಾಚೆ ವೈಕುಂಠ ಬೆಟ್ಟದಲ್ಲಿ 2022ರಲ್ಲಿ ತೆರೆದ ಇಸ್ಕಾನಿನ ರಾಜಾಧಿರಾಜ ಗೋವಿಂದನ ಗೋಪುರ. ನಮ್ಮವರು ಸಿಂಟೆಕ್ಸು ನೋಡಿ ಮನೆಯವರ ಜಾತಕ ಹೇಳುತ್ತಾರೆ. ಒಂದೇ ಐನೂರು ಲೀಟರಿನದು, ಮಕ್ಕಳು ಅಮೆರಿಕದಲ್ಲಿ. ಎರಡು ಸಾವಿರದ್ದು, ಮೇಲೆ ಬಾಡಿಗೆಯವರಿದ್ದಾರೆ. ಸಾಲಾಗಿ ಮೂರು, ಅದು ಪಿ.ಜಿ.

ನಮ್ಮದು ಮೊದಲು ಒಂದೇ ಐನೂರಿನದಿತ್ತು. ಮೇಲಿನ ಮನೆ ಕಟ್ಟಿಸಿ ಹುಬ್ಬಳ್ಳಿಯ ಸಾಫ್ಟ್‌ವೇರ್ ಹುಡುಗನೊಬ್ಬನಿಗೆ ಬಾಡಿಗೆ ಕೊಟ್ಟ ಮೇಲೆ ಜಾತಕ ಬದಲಾಯಿತು. ಆರು ತಿಂಗಳು ಮನೆ ಅವನ ಕೈಯಲ್ಲಿ. ವಿಮಾನ ಹತ್ತುವ ಹಿಂದಿನ ದಿನ ಇವರು ಅವನಿಗೆ ಬೀಗದ ಕೈ ಕೊಡಲು ಐದು ನಿಮಿಷ, ಸಂಪಿನ ಪಾಠ ಹೇಳಲು ಒಂದೂವರೆ ಗಂಟೆ ತೆಗೆದುಕೊಂಡರು. ಹುಡುಗ ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿಕೊಂಡ.

ಪಾರ್ಕಿನ ಬೆಂಚಿನಲ್ಲಿ ನನ್ನ ಮಾನ ಹೋಗುತ್ತಿರುವುದನ್ನು ನೋಡಲಾರದೆ ಸೊಸೆ ಒಂದು ಶನಿವಾರಕ್ಕೆ ಎಂಪೈರ್ ಸ್ಟೇಟಿನ ಟಿಕೆಟ್ ತೆಗೆಸಿದಳು. ಒಬ್ಬೊಬ್ಬರಿಗೆ ನಲವತ್ತು ಡಾಲರಿನ ಮೇಲೆ. ಡಾಲರನ್ನು ರೂಪಾಯಿ ಮಾಡಿ ಎದೆ ಒಡೆದುಕೊಳ್ಳುವುದು ಎಲ್ಲ ಅಪ್ಪಂದಿರ ಚಾಳಿ. ನಮ್ಮವರದು ಇನ್ನೂ ಒಂದು ಹೆಜ್ಜೆ ಮುಂದೆ. 2024ರ ಬೇಸಿಗೆಯ ನೀರಿನ ಬರ ಕಂಡ ಮೇಲೆ ಇವರು ರೂಪಾಯಿಯನ್ನು ಟ್ಯಾಂಕರ್ ಮಾಡುತ್ತಾರೆ. ಆ ಮಾರ್ಚಿನಲ್ಲಿ 5 ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಸರ್ಕಾರ ದರ ಕಟ್ಟಿತ್ತಲ್ಲ, ಅದೇ ಲೆಕ್ಕ. "ತಲೆಗೆ ಮೂರೂವರೆ ಟ್ಯಾಂಕರ್. ಐದು ಜನಕ್ಕೆ ಹದಿನೇಳು ಚಿಲ್ಲರೆ. ಎರಡು ಲಕ್ಷ ಲೀಟರ್ ಕೊಟ್ಟು ಊರು ನೋಡೋದಾ?" ಎಂದರು. ಮಗ ಕೇಳಿಸದವನ ಹಾಗೆ ಶೂ ಲೇಸು ಕಟ್ಟಿಕೊಂಡ.

ಮೆಟ್ರೋಪಾರ್ಕಿನಲ್ಲಿ ರೈಲು ಹತ್ತಿ, ಪೆನ್ ಸ್ಟೇಷನ್ನಿನಲ್ಲಿ ಇಳಿದು, 34ನೇ ಬೀದಿ ಹಿಡಿದು ನಡೆದರೆ ಬಂದೇಬಿಟ್ಟಿತು. ಕೆಳಗೆ ನಿಂತರೆ ಅದರ ಎತ್ತರ ತಿಳಿಯುವುದೇ ಇಲ್ಲ. ಆನೆಯ ಕಾಲ ಬಳಿ ನಿಂತ ಇರುವೆಗೆ ಆನೆ ಹೇಗೆ ಕಾಣಬೇಕು? ಬಾಗಿಲಲ್ಲಿ ವಿಮಾನ ನಿಲ್ದಾಣದ ಥರ ತಪಾಸಣೆ. ನನ್ನ ಚೀಲದ ಸ್ಟೀಲ್ ಡಬ್ಬಿ ಪರದೆಯ ಮೇಲೆ ಏನಾಗಿ ಕಂಡಿತೋ, ತೆಗೆಯಿರಿ ಎಂದರು. ತೆಗೆದೆ. ಚಿತ್ರಾನ್ನ. ಬೆಳಗ್ಗೆ ಐದಕ್ಕೆದ್ದು ಕಲಸಿದ್ದು, ಕಡಲೆಬೀಜ ಇನ್ನೂ ಗರಿಗರಿ, ಮೂಲೆಯಲ್ಲಿ ಬಾಳೆಲೆ ಬದಲು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಮಾವಿನಕಾಯಿ ಉಪ್ಪಿನಕಾಯಿ. ಇಂಗಿನ ವಾಸನೆಗೆ ಹಿಂದಿನ ಸಾಲಿನವರು ಒಂದು ಹೆಜ್ಜೆ ಸರಿದರು. ಕಾವಲಿನಾತ ಮಾತ್ರ ಮುಂದಕ್ಕೆ ಬಗ್ಗಿ ಮೂಸಿ, ನಕ್ಕು, ಒಳಗೆ ಹೋಗಿ ಎಂದು ಕೈ ಮಾಡಿದ. ಅವನಿಗೆ ಒಂದು ತುತ್ತು ಕೊಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಎರಡನೇ ಮಹಡಿಯಲ್ಲಿ ಮ್ಯೂಸಿಯಂ. ಕಟ್ಟಡ ಕಟ್ಟಿದ ಕಥೆಯನ್ನೆಲ್ಲ ಗೋಡೆಯ ಮೇಲೆ ಚಲಿಸುವ ಚಿತ್ರ, ಬೊಂಬೆ, ಸದ್ದುಗಳಲ್ಲಿ ತೋರಿಸಿದ್ದಾರೆ. ಸೊಸೆಯ ಟೈಂಟೇಬಲ್ ಪ್ರಕಾರ ಅಲ್ಲಿ ಇಪ್ಪತ್ತು ನಿಮಿಷ. ಇವರು ಒಂದೇ ಫಲಕದ ಮುಂದೆ ಅಷ್ಟು ಹೊತ್ತು ನಿಂತರು. 1930ರ ಮಾರ್ಚ್ 17ಕ್ಕೆ ಕೆಲಸ ಶುರು, 1931ರ ಮೇ 1ಕ್ಕೆ ಉದ್ಘಾಟನೆ; 410 ದಿನ. ಕೆಲಸ ಭರದಲ್ಲಿದ್ದಾಗ 3,400 ಆಳು, ವಾರಕ್ಕೆ ನಾಲ್ಕೂವರೆ ಅಂತಸ್ತು. ಇವರು ಮೂರು ಸಲ ಓದಿದರು. "ನೋಡೇ, ನಾನ್ನೂರ ಹತ್ತು ದಿನ." ನನಗೆ ಅರ್ಥವಾಯಿತು. ನಮ್ಮ ಅಡ್ಡರಸ್ತೆಯಲ್ಲಿ ಚರಂಡಿಗೆಂದು ಅಗೆದ ಹಳ್ಳಕ್ಕೆ ಆಗಲೇ ಅದಕ್ಕಿಂತ ಹೆಚ್ಚು ವಯಸ್ಸಾಗಿತ್ತು. ನಾವು ಹೊರಟಾಗ ಅದರಲ್ಲಿ ನುಗ್ಗೆಗಿಡ ಸೊಂಟದೆತ್ತರ ಬೆಳೆದಿತ್ತು.

ಅದಕ್ಕಿಂತ ಇವರ ಮನಸ್ಸಿಗೆ ತಟ್ಟಿದ್ದು ಬಾಡಿಗೆಯ ವಿಷಯ. ಕಟ್ಟಡ ತೆರೆದಾಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಬಾಡಿಗೆಗೆ ಜನವೇ ಇಲ್ಲ. ಊರಿನವರು ಅದಕ್ಕೆ 'ಎಂಪ್ಟಿ ಸ್ಟೇಟ್ ಬಿಲ್ಡಿಂಗ್' ಎಂದು ಅಡ್ಡಹೆಸರಿಟ್ಟರಂತೆ. ಮೊದಲ ವರ್ಷ ಕೋಣೆಗಳ ಬಾಡಿಗೆಯಿಂದ ಬಂದಷ್ಟೇ ದುಡ್ಡು ಮೇಲೆ ಹತ್ತಿ ಊರು ನೋಡುವವರ ಟಿಕೆಟ್ಟಿನಿಂದಲೂ ಬಂತಂತೆ. ಟು-ಲೆಟ್ ಬೋರ್ಡ್ ನೇತುಹಾಕಿ ಎಂಟು ತಿಂಗಳು ಕಾದ ಮನೆ ಮಾಲೀಕರಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇಕೆ? "ಪಾಪ" ಎಂದರು ಇವರು. ಜಗತ್ತಿನ ಅತಿ ಎತ್ತರದ ಕಟ್ಟಡವಾಗಿ ನಾಲ್ಕು ದಶಕ ಮೆರೆದ ಎಂಪೈರ್ ಸ್ಟೇಟಿಗೆ ಯಾರಾದರೂ ಪಾಪ ಎಂದದ್ದು ಅದೇ ಮೊದಲಿರಬೇಕು.

ಮೊಮ್ಮಗನಿಗೆ ಇದೆಲ್ಲ ಬೇಕಿಲ್ಲ. ಅವನಿಗೆ ಕಿಂಗ್ ಕಾಂಗ್. ಗೋಡೆ ಒಡೆದುಕೊಂಡು ಒಳಬಂದಂತೆ ಮಾಡಿದ ಆ ಕಪಿಯ ಕೈಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವುದು ಅಲ್ಲಿನ ವಾಡಿಕೆ. ಏನಪ್ಪಾ ಇದರ ಕಥೆ ಎಂದೆ. 1933ರ ಸಿನಿಮಾ, ದ್ವೀಪದಿಂದ ತಂದ ಮಹಾಕಪಿ ಹೆಂಗಸೊಬ್ಬಳನ್ನು ಎತ್ತಿಕೊಂಡು ಈ ಕಟ್ಟಡದ ತುದಿಗೆ ಹತ್ತುತ್ತದೆ, ವಿಮಾನಗಳು ಬಂದು ಅದಕ್ಕೆ ಗುಂಡು ಹೊಡೆಯುತ್ತವೆ ಎಂದು ಸೊಸೆ ವಿವರಿಸಿದಳು. ನನಗೆ ಒಂದು ಕ್ಷಣ ತಲೆ ತಿರುಗಿತು. ದ್ವೀಪವಿದೆ, ಕಪಿಯಿದೆ, ಎತ್ತಿಕೊಂಡು ಹೋದ ಹೆಂಗಸಿದ್ದಾಳೆ, ವಿಮಾನವೂ ಇದೆ. ಸಾಮಾನೆಲ್ಲ ನಮ್ಮ ರಾಮಾಯಣದ್ದೇ, ಆದರೆ ಎತ್ತಿಕೊಂಡು ಹೋದವನು ಹನುಮಂತ! ವಿಮಾನದಲ್ಲಿ ಬಂದವರು ಸಭ್ಯರು! ಆ ಕೈಯ ನಡುವೆ ನಾನು ನಿಲ್ಲುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಅಷ್ಟಾದರೂ ಬರುವಾಗ ಬೆರಳೊಂದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ಸೊಸೆ ಫೋಟೋ ತೆಗೆದಿದ್ದಾಳೆ.

ಲಿಫ್ಟಿನ ಸಾಲಿನಲ್ಲಿ ನಿಂತಾಗ ಮಗ ಹೇಳಬಾರದ ಹೊತ್ತಲ್ಲಿ ಹೇಳಬಾರದ ಕಥೆ ತೆಗೆದ. 1945ರ ಜುಲೈ 28ರಂದು ಮಂಜು ಕವಿದ ಬೆಳಗ್ಗೆ ಬಾಂಬರ್ ವಿಮಾನವೊಂದು 79ನೇ ಮಹಡಿಗೆ ಗುದ್ದಿ ಹದಿನಾಲ್ಕು ಜನ ಸತ್ತರಂತೆ. ಲಿಫ್ಟ್ ನಡೆಸುವ ಹುಡುಗಿಯೊಬ್ಬಳು ಲಿಫ್ಟಿನ ಸಮೇತ 75 ಅಂತಸ್ತು ಕೆಳಗೆ ಬಿದ್ದೂ ಬದುಕಿದಳಂತೆ. ಬದುಕಿದಳು ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ ಲಿಫ್ಟಿನ ಬಾಗಿಲು ಮುಚ್ಚಿತ್ತು. ವಸಂತವಲ್ಲಭರಾಯಾ ಎಂದು ಕಣ್ಣು ಮುಚ್ಚಿದೆ. ಕಿವಿ ಎರಡು ಸಲ 'ಟಪ್' ಎಂದವು. ಕಣ್ಣು ಬಿಟ್ಟರೆ 80ನೇ ಮಹಡಿ. ಒಂದು ನಿಮಿಷವೂ ಆಗಿರಲಿಲ್ಲ. ನಮ್ಮ ಮನೆಯ ಟೆರೇಸಿಗೆ ಬಟ್ಟೆ ಒಣಹಾಕಲು ಹತ್ತುವುದಕ್ಕೆ ನನಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಇನ್ನೊಂದು ಲಿಫ್ಟ್ ಹತ್ತಿ 86ನೇ ಮಹಡಿಯ ಬಯಲಿಗೆ ಬಂದೆವು. ನೆಲದಿಂದ 320 ಮೀಟರ್. ಗಾಳಿಗೆ ಸೆರಗು ಪಟವಾಯಿತು. ಕಟ್ಟಡದ ಸುತ್ತ ಓಡಾಡಲು ಮೊಗಸಾಲೆಯಂಥ ದಾರಿ, ಸುತ್ತ ಕಬ್ಬಿಣದ ಬೇಲಿ. ಜನ ಮನಸ್ಸು ಬಂದ ಕಡೆ ನುಗ್ಗುತ್ತಿದ್ದರು. ನಾನು ನಮ್ಮ ಮನೆಯವರನ್ನೆಲ್ಲ ಬಲಗಡೆಯಿಂದ ಹೊರಡಿಸಿದೆ. ಇಷ್ಟು ಎತ್ತರಕ್ಕೆ ಬಂದ ಮೇಲೆ ಅಪ್ರದಕ್ಷಿಣೆ ಯಾಕೆ?

ಏನಿಲ್ಲ ಆ ನೋಟದಲ್ಲಿ! ಒಂದು ಕಡೆ ಹಡ್ಸನ್ ನದಿ, ಇನ್ನೊಂದು ಕಡೆ ಈಸ್ಟ್ ರಿವರ್. ಬೆಳ್ಳಿಯ ಕಿರೀಟ ಇಟ್ಟುಕೊಂಡ ಕ್ರೈಸ್ಲರ್ ಕಟ್ಟಡ. ಯಾರೋ ಕೊತ್ತಂಬರಿ ಸೊಪ್ಪಿನ ಮಡಿ ಹಾಕಿದಂತೆ ಸೆಂಟ್ರಲ್ ಪಾರ್ಕು. ಹಳದಿ ಟ್ಯಾಕ್ಸಿಗಳೋ ನೆಲಕ್ಕೆ ಚೆಲ್ಲಿದ ಕಡಲೆಬೇಳೆ. ದಕ್ಷಿಣಕ್ಕೆ ದೂರದ ನೀರಿನಲ್ಲಿ ಹೆಬ್ಬೆರಳಷ್ಟು ಲಿಬರ್ಟಿ. ಸೊಸೆ ಅದನ್ನು ಹಿನ್ನೆಲೆಗಿಟ್ಟು ನಮ್ಮಿಬ್ಬರ ಫೋಟೋ ತೆಗೆಯಲು ಹೆಣಗುತ್ತಿದ್ದಳು. "ಮಾವ, ಈ ಕಡೆ ನೋಡಿ. ಮಾವಾ!" ಮಾವ ಕೆಳಗೆ ನೋಡುತ್ತಿದ್ದರು. ಅವತ್ತಿನ ಇಪ್ಪತ್ತಮೂರು ಫೋಟೋಗಳಲ್ಲೂ ನಾನು ಕ್ಯಾಮೆರಾ ನೋಡುತ್ತಿದ್ದೇನೆ, ಇವರು ಬಾವಿಯಲ್ಲಿ ಬಿದ್ದ ಕೊಡ ಹುಡುಕುವವರ ಹಾಗೆ ಬಗ್ಗಿದ್ದಾರೆ.

"ಅಲ್ನೋಡೇ" ಎಂದರು ಕೊನೆಗೆ, ಗದ್ಗದ ಸ್ವರದಲ್ಲಿ. "ಟ್ಯಾಂಕು!"

ನೋಡಿದೆ. ನಮ್ಮ ಕಾಲ ಕೆಳಗೆ ಹರಡಿದ್ದ ಹತ್ತು, ಹದಿನೈದು, ಇಪ್ಪತ್ತು ಅಂತಸ್ತಿನ ಹಳೇ ಕಟ್ಟಡಗಳ ತಾರಸಿಯ ಮೇಲೆಲ್ಲ ನಾಲ್ಕು ಕಾಲಿನ ಅಟ್ಟಣೆ. ಅಟ್ಟಣೆಯ ಮೇಲೆ ಕಂದು ಬಣ್ಣದ ಗುಂಡನೆಯ ಪೀಪಾಯಿ. ಪೀಪಾಯಿಗೆ ಮೊನಚು ಟೋಪಿ. ಒಂದಲ್ಲ, ಎರಡಲ್ಲ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣದು. ಕ್ರೈಸ್ಲರ್ ಮಾಯ, ಲಿಬರ್ಟಿ ಮಾಯ, ನ್ಯೂಯಾರ್ಕ್ ಪೂರ್ತಿ ಟ್ಯಾಂಕು.

ಮಗ ಫೋನ್ ತೆಗೆದು ಓದಿ ಹೇಳಿದ. ಹೌದಂತೆ, ನೀರಿನ ಟ್ಯಾಂಕುಗಳೇ, ಮರದವು, ಊರಲ್ಲಿ ಹತ್ತು ಸಾವಿರಕ್ಕೂ ಮೇಲಿವೆಯಂತೆ. ದೇವದಾರು ಜಾತಿಯ ಮರದ ಹಲಗೆ ಜೋಡಿಸಿ ಸುತ್ತ ಕಬ್ಬಿಣದ ಬಳೆ ಬಿಗಿದದ್ದು. ಅಂಟಿಲ್ಲ, ಬಣ್ಣವಿಲ್ಲ. ಮೊದಲು ನೀರು ತುಂಬಿದಾಗ ಸೋರುತ್ತದೆ. ಹಲಗೆ ನೀರು ಕುಡಿದು ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತದೆ. ಮರವಾದ್ದರಿಂದ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದು ಕಡಿಮೆ, ಬೇಸಿಗೆಯಲ್ಲಿ ಕಾಯುವುದೂ ಕಡಿಮೆ. ಸುಮಾರು ಮೂವತ್ತು ವರ್ಷ ಬಾಳಿಕೆ. ತಳದ ಪಾಲು ನೀರು ಬೆಂಕಿ ಬಿದ್ದರೆ ಆರಿಸಲು ಮೀಸಲು.

"ಮೂವತ್ತು ವರ್ಷ! ಹತ್ತಿರ ಹತ್ತಿರ ನನ್ನ ಸರ್ವಿಸು" ಎಂದರು ಇವರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸಿಂಟೆಕ್ಸಲ್ಲಿ ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಅಕ್ಕಿ ಹಾಕೋ ಹಾಗಿರುತ್ತೆ" ಎಂದರು.

ಅಷ್ಟರಲ್ಲಿ ಎಂಟು ವರ್ಷದ ಮೊಮ್ಮಗ ಬೇಲಿಗೆ ಮೂಗು ಒತ್ತಿ, "ತಾತ, ಅದು ಸಿಂಟೆಕ್ಸಾ?" ಎಂದ.

ಈ ಮಗುವಿಗೂ ತಾತನಿಗೂ ಮೂರು ವಾರದಿಂದ ಮಾತೇ ಸರಿಯಾಗಿ ಹೊಂದುತ್ತಿರಲಿಲ್ಲ. ಇವರ ಇಂಗ್ಲಿಷ್ ಅವನಿಗೆ ತಿಳಿಯದು, ಅವನ ಇಂಗ್ಲಿಷ್ ಇವರಿಗೆ ತಿಳಿಯದು. ಎರಡು ವರ್ಷದ ಹಿಂದೆ ರಜೆಗೆ ವಸಂತಪುರಕ್ಕೆ ಬಂದಾಗ ಅವನು ಕಲಿತ ಕನ್ನಡ ನಾಲ್ಕೇ: ದೋಸೆ, ನಾಯಿ, ಮೋಟರ್ ಆಫ್, ಸಿಂಟೆಕ್ಸು. ಅದರಲ್ಲೊಂದು ಈಗ 86ನೇ ಮಹಡಿಯಲ್ಲಿ ಉಪಯೋಗಕ್ಕೆ ಬಂತು. ಇವರು ಮಂಡಿನೋವು ಮರೆತು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಇಬ್ಬರೂ ಎಣಿಸತೊಡಗಿದರು. ಅವನು ಇಂಗ್ಲಿಷಿನಲ್ಲಿ, ಇವರು ಕನ್ನಡದಲ್ಲಿ. ನಲವತ್ತೇಳಕ್ಕೆ ಜಗಳವಾಯಿತು, ಒಂದನ್ನು ಇವರು ಎರಡು ಸಲ ಎಣಿಸಿದ್ದಾರೆಂದು. ಮತ್ತೆ ಒಂದರಿಂದ.

ಎಣಿಕೆಯ ನಡುವೆ ಅಲ್ಲಿನ ಸಿಬ್ಬಂದಿಯೊಬ್ಬನನ್ನು ಹಿಡಿದು ಇವರು ತಮ್ಮ ನಲವತ್ತು ವರ್ಷದ ಪ್ರಶ್ನೆ ಕೇಳಿಯೇ ಬಿಟ್ಟರು. "ವಾಟರ್... ಅಪ್... ಹೌ?" ಎಂದು ಕೈ ಮೇಲೆತ್ತಿ ತೋರಿಸಿದರು. ಅವನು ವಯಸ್ಸಾದವರ ಕಷ್ಟ ಅರ್ಥವಾದವನಂತೆ ಬಹಳ ಮರುಕದಿಂದ ಶೌಚಾಲಯದ ದಾರಿ ತೋರಿಸಿದ.

ಆದರೆ ನಿಜವಾದ ಪೆಟ್ಟು ಕೊಟ್ಟವನು ಮಗ. ಫೋನಿನಲ್ಲಿ ಓದುತ್ತಿದ್ದವನು ಇನ್ನೂ ಮುಂದೆ ಹೋಗಿ, "ಅಪ್ಪ, ಈ ಊರಿಗೆ ನೀರು ಬರೋದು ಕ್ಯಾಟ್‌ಸ್ಕಿಲ್ ಬೆಟ್ಟದಿಂದ, ಇನ್ನೂ ಆಚೆಯಿಂದ, 200 ಕಿಲೋಮೀಟರ್ ದೂರದವರೆಗೆ ಜಲಾಶಯ ಇದಾವಂತೆ. ಒಂದರ ಹೆಸರು ಅಶೋಕನ್!" ಎಂದ.

"ನೋಡಿದ್ಯಾ? ಅಶೋಕ ಕಟ್ಟಿಸಿದ್ದು" ಎಂದರು ಇವರು ಹೆಮ್ಮೆಯಿಂದ. ಸಾಲುಮರ ನೆಡಿಸಿದ ದೊರೆ ಒಂದು ಕೆರೆ ಕಟ್ಟಿಸದೆ ಇರುತ್ತಾನೆಯೇ.

"ಅದು ಇಲ್ಲಿನ ಮೂಲನಿವಾಸಿಗಳ ಹೆಸರಪ್ಪ. 1907ರಿಂದ 1915ರವರೆಗೆ ಕಟ್ಟಿದ್ರಂತೆ, ಸುತ್ತಲ ಹಳ್ಳಿ ಮುಳುಗಿಸಿ. ಆದರೆ ನೋಡು, ಬಹುಪಾಲು ನೀರು ಇಳಿಜಾರಲ್ಲಿ ತಾನಾಗೇ ಹರಿದು ಬರುತ್ತಂತೆ. ಪಂಪೇ ಬೇಡ. ಊರೊಳಗೆ ಆರನೇ ಅಂತಸ್ತಿನ ತನಕ ಆ ಒತ್ತಡದಲ್ಲೇ ಹತ್ತುತ್ತಂತೆ."

ಇವರ ಮುಖ ನೋಡಲಾಗಲಿಲ್ಲ. ಪಂಪೇ ಬೇಡ! ಮೂವತ್ತನಾಲ್ಕು ವರ್ಷ ಪಂಪಿನ ಸದ್ದಿಗೆ ಕಿವಿ ಮಂದವಾದವರು. ಹಬ್ಬದ ಹೋಳಿಗೆ ಪಂಪ್‌ಹೌಸಿನಲ್ಲಿ ತಿಂದವರು. ಮಗ ಹುಟ್ಟಿದ ಸುದ್ದಿಯನ್ನೂ ಪಂಪಿನ ಪಕ್ಕ ನಿಂತು ಕೇಳಿ, ಸದ್ದಿನಲ್ಲಿ ಹೆಣ್ಣು ಎಂದು ತಿಳಿದು, ಇಡೀ ಪಾಳಿಯವರಿಗೆ ಹಾಗೆಂದೇ ಸಿಹಿ ಹಂಚಿದವರು. ಪಂಪಿಲ್ಲದೆ ಒಂದು ದೊಡ್ಡ ಊರು ನೀರು ಕುಡಿಯಬಹುದು ಎಂಬುದನ್ನು ಅದೇ ಮಗ ಇಷ್ಟು ಹಗುರವಾಗಿ ಹೇಳಿದ್ದು ನನಗೂ ಸರಿಬರಲಿಲ್ಲ.

ಬೇಲಿ ಹಿಡಿದು ಒಂದು ನಿಮಿಷ ನಿಂತರು. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದರು. "ಈ ಬಿಲ್ಡಿಂಗು ಕಂಬ ಎಲ್ಲ ಸೇರಿ ಎಷ್ಟು ಎತ್ತರ?"

"443 ಮೀಟರ್."

"ಕಂಬ ಬಿಟ್ಟು?"

"381."

"ಸರಿ." ಎದೆ ಒಂದು ಅಂಗುಲ ಉಬ್ಬಿತು. "ನಮ್ಮ ಕಾವೇರಿ ಹತ್ತೋದು ಐನೂರು. ಇದರ ನೆತ್ತಿ ದಾಟಿ ಹೋಗ್ತಾಳೆ. ದಿನಾ. ಟಿಕೆಟ್ ಇಲ್ಲದೆ. ಮತ್ತೆ ಇವರಿಗೂ ಆರರ ಮೇಲೆ ಪಂಪ್ ಬೇಕೇ ಬೇಕಲ್ಲ?"

"ಬೇಕು ಅಪ್ಪ."

"ಹಾಂ" ಎಂದರು. ಆ ಒಂದು 'ಹಾಂ'ನಲ್ಲಿ ತಾತಗುಣಿಯ ಮೋಟರುಗಳೆಲ್ಲ ಒಟ್ಟಿಗೆ ಶುರುವಾದವು.

ಇವರ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡದ್ದು ಆಗಲೇ. ನಮ್ಮಲ್ಲಿ ಬೆಳಗ್ಗೆ ಹನ್ನೊಂದೂವರೆ, ವಸಂತಪುರದಲ್ಲಿ ರಾತ್ರಿ ಒಂಬತ್ತು. ಮೇಲಿನ ಮನೆ ಹುಡುಗ.

"ಅಂಕಲ್, ಕಾವೇರಿ ಬಂದಾಳ್ರಿ! ಸಂಪ್ ತುಂಬಿ ನೀರು ರೋಡಿಗೆ ಹರಿಯಾಕತ್ತೈತ್ರಿ! ಆ ಬಾಲು ಮ್ಯಾಲೆ ಬರವಲ್ದ್ರಿ!"

ಸಂಪು ತುಂಬಿದಾಗ ತೇಲಿ ನೀರು ಕಟ್ಟುವ ಬಾಲ್ ವಾಲ್ವು ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಕುಡಿಯುವ ನೀರು ಚೆಲ್ಲಿದರೆ ಇವರಿಗೆ ಹಾಲುಕ್ಕಿ ಒಲೆ ಆರಿದಷ್ಟು ಸಂಕಟ. "ಗೇಟ್ ವಾಲ್ವ್ ಮುಚ್ಚಪ್ಪಾ! ಮೀಟರ್ ಪಕ್ಕ, ಕಲ್ಲು ಸರಿಸು, ಕಲ್ಲು!" ಎಂದು ಕೂಗಿದರು. ಗಾಳಿಗೆ ಎದುರಾಗಿ ಕೂಗಬೇಕಲ್ಲ, ಪಂಪ್‌ಹೌಸಿನ ಗಂಟಲು ಪೂರ್ತಿ ತೆರೆಯಿತು. ಸುತ್ತ ಇದ್ದ ಚೀನಾದವರು, ಸ್ಪೇನಿನವರು, ಯಾವುದೋ ಮದುವೆಯಾಗಿ ಬಂದ ಜೋಡಿ ಎಲ್ಲ ಲಿಬರ್ಟಿ ಬಿಟ್ಟು ನಮ್ಮ ಕಡೆ ತಿರುಗಿದರು. ಸೊಸೆ ಮಗುವಿನ ಕೈ ಹಿಡಿದು ನಮ್ಮವರಲ್ಲದವರ ಹಾಗೆ ಎರಡು ಮಾರು ದೂರ ನಿಂತಳು.

"ಸರಿಸೀನ್ರಿ. ಯಾವ ಕಡೆ ತಿರುಗಿಸ್ಲಿ?"

"ಬಲಕ್ಕೆ!"

"ನನ್ ಬಲಕ್ಕೋ, ವಾಲ್ವಿನ ಬಲಕ್ಕೋ?"

"ಗಡಿಯಾರದ ಮುಳ್ಳು ಹೋಗೋ ಕಡೆಗೆ!"

"ನನ್ ವಾಚಿನ್ಯಾಗ ಮುಳ್ಳಿಲ್ರಿ ಅಂಕಲ್! ತಡೀರಿ, ನೋಟ್ಸ್ ಮ್ಯಾಲದಾವ, ಲ್ಯಾಪ್‌ಟಾಪ್ ತರ್ತೀನಿ!"

"ಬೇಡ! ಬೇಡಪ್ಪಾ! ನೀರು ಹೋಗುತ್ತೆ!"

ಎರಡು ಸಲ ತಪ್ಪು ಕಡೆ ತಿರುಗಿಸಿದನೆಂದು ಕಾಣುತ್ತದೆ, ನೀರಿನ ಭೋರ್ಗರೆತ ಮ್ಯಾನ್‌ಹಟನ್ನಿಗೇ ಕೇಳಿಸಿತು. ಇವರು ಗಾಳಿಯಲ್ಲಿ ಕಾಣದ ವಾಲ್ವೊಂದನ್ನು ಎರಡು ಕೈಯಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು, ವಿಡಿಯೋ ಕಾಲ್ ಅಲ್ಲವೆಂಬುದು ನೆನಪಿಲ್ಲದೆ. ಒಬ್ಬ ಪ್ರವಾಸಿ ಅದನ್ನು ಯೋಗವೆಂದುಕೊಂಡನೋ ಏನೋ, ಫೋನೆತ್ತಿ ವಿಡಿಯೋ ಮಾಡಿಕೊಂಡ.

ನನಗೆ ಇನ್ನು ತಡೆಯಲಾಗಲಿಲ್ಲ. ಇವರ ಕೈಯಿಂದ ಫೋನ್ ಕಿತ್ತುಕೊಂಡೆ. "ನೋಡಪ್ಪಾ, ಶನಿವಾರ ವಲ್ಲಭರಾಯನ ಗುಡಿಗೆ ಹೋಗ್ತೀಯಲ್ಲ?"

"ಹೋಗ್ತೀನ್ರಿ ಆಂಟಿ."

"ಪ್ರದಕ್ಷಿಣೆ ಹಾಕ್ತೀಯಲ್ಲ?"

"ಹಾಕ್ತೀನ್ರಿ."

"ಯಾವ ಕಡೆಯಿಂದ ಹಾಕ್ತೀಯೋ ಆ ಕಡೆಗೇ ತಿರುಗಿಸು. ವಾಲ್ವ್ ನಡುವೆ ದೇವರಿದಾನೆ ಅಂದುಕೊ."

ಆ ಕಡೆ ಮಾತಿಲ್ಲ. ಉಸಿರು ಬಿಗಿಹಿಡಿದ ಸದ್ದು. ಭೋರ್ಗರೆತ ಇಳಿಯಿತು, ಸಣ್ಣದಾಯಿತು, ತೊಟಕು ತೊಟಕು ಎಂದಿತು, ನಿಂತಿತು.

"ನಿಂತ್ರಿ ಆಂಟಿ!"

ಇವರು ನನ್ನನ್ನು ಹೇಗೆ ನೋಡಿದರೆಂದರೆ, 1984ರಲ್ಲಿ ಯುಟಿಲಿಟಿ ಬಿಲ್ಡಿಂಗಿನ ಎದುರು ಹಾಗೆ ನೋಡಿದ್ದರೆ ಸಾಕಿತ್ತು. "ಇಷ್ಟು ವರ್ಷ ನನಗೆ ಇದು ಹೊಳೀಲಿಲ್ಲವಲ್ಲೇ. ಹೊಸದಾಗಿ ಸೇರಿದ ಹುಡುಗರಿಗೆಲ್ಲ ಗಡಿಯಾರ ಗಡಿಯಾರ ಅಂತಲೇ ಹೇಳಿ ಸತ್ತೆ" ಎಂದರು. ಸೊಸೆ ಹತ್ತಿರ ಬಂದು, "ಈಗಲಾದರೂ ಒಂದು ಫೋಟೋ ಮಾವ, ಲಿಬರ್ಟಿ ಜೊತೆ" ಎಂದಳು. ಆಗ ಇವರಿಗೆ ನೆನಪಾಯಿತು, ಎಣಿಕೆ ಅರ್ಧಕ್ಕೆ ನಿಂತಿದೆ.

ಕೆಳಗಿಳಿದು ಹೆರಾಲ್ಡ್ ಸ್ಕ್ವೇರಿನಲ್ಲಿ ರಸ್ತೆ ನಡುವೆ ಹಾಕಿರುವ ಕುರ್ಚಿ ಮೇಜುಗಳಲ್ಲಿ ಕೂತೆವು. ಡಬ್ಬಿ ಬಿಚ್ಚಿದೆ. ಪಾರಿವಾಳಗಳಿಗೆ ಒಗ್ಗರಣೆಯ ಕಡಲೆಬೀಜದ ಗುರುತು ಹೇಗೆ ಹತ್ತಿತೋ, ಸುತ್ತ ಮುತ್ತಿದವು. ಮಗ ಪಕ್ಕದ ಅಂಗಡಿಯಿಂದ ಲೋಟದಲ್ಲಿ ನಲ್ಲಿ ನೀರು ಹಿಡಿದುಕೊಂಡು ಬಂದು ಅಪ್ಪನ ಮುಂದಿಟ್ಟ. "ಅಪ್ಪ, ಅಶೋಕನ ನೀರು."

ಇವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಗುಟುಕು ಕುಡಿದು ಬಾಯೊಳಗೆ ಆಡಿಸಿದರು. ಇನ್ನೊಂದು ಗುಟುಕು. ನಾವೆಲ್ಲ ಕಾದೆವು, ಮೊಮ್ಮಗನೂ ತಿನ್ನುವುದು ನಿಲ್ಲಿಸಿದ.

"ನೀರೇನೋ ಚೆನ್ನಾಗಿದೆ" ಎಂದರು. "ಆದರೆ ಹತ್ತಿ ಬಂದ ನೀರಲ್ಲ. ಸ್ವಲ್ಪ ಸಪ್ಪೆ."

ನಾನು ಡಬ್ಬಿಯ ಮೂಲೆಯ ಉಪ್ಪಿನಕಾಯಿ ಬಿಚ್ಚಿ ಅವರ ಕಡೆ ಸರಿಸಿದೆ.